ಕಪ್ ಬಂದ ಮೇಲೆ ಬಂದ ಅಭಿಮಾನಿಗಳು

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ 2020ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಾಗ ಶುರುವಾದ ಕಿರಿಕಿರಿ ಇದು, ಇನ್ನೂ ನಿಂತಿಲ್ಲ. 30 ವರ್ಷ ಕಾದು ಸಿಕ್ಕ ಕಪ್. ಹಳೇ ಅಭಿಮಾನಿಗಳು ನಾಲ್ಕು ಜನ ಸುಮ್ನೆ ಖುಷಿಪಡೋಣ ಅಂತ ಕೂತರೆ, ಎಲ್ಲಿದ್ದರೋ ಏನೋ, ಹಿಂದಿನ ದಿನದವರೆಗೂ ಆಫ್‌ಸೈಡ್ ಅಂದರೇನು ಅಂತ ಕೇಳುತ್ತಿದ್ದವರೆಲ್ಲ ಕೆಂಪು ಜರ್ಸಿ ಹಾಕಿಕೊಂಡು 'ನಮ್ಮ ಟೀಮ್, ನಮ್ಮ ಟೀಮ್' ಅಂತ ಕುಣಿಯುತ್ತಾ ಬಂದುಬಿಟ್ಟರು. ಜರ್ಸಿಯ ಮಡಿಕೆ ಗೆರೆ ಕೂಡ ಇನ್ನೂ ಹೋಗಿರಲಿಲ್ಲ!

ಬರಲಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಬಂದವರು ಸುಮ್ಮನಿರುತ್ತಾರಾ? 'ಗೆಲ್ಲೋದು ಮೊದಲೇ ಗೊತ್ತಿತ್ತು ಬಿಡು' ಅಂತಾರೆ. ಏನು ಗೊತ್ತಿತ್ತು ಸ್ವಾಮಿ? 2014ರಲ್ಲಿ ಚೆಲ್ಸಿ ಎದುರು ನಮ್ಮ ಕ್ಯಾಪ್ಟನ್ ಜೆರಾರ್ಡ್ ಕಾಲು ಜಾರಿ ಬಿದ್ದು, ಅವರ ಡೆಂಬಾ ಬಾ ಚೆಂಡು ತಗೊಂಡು ಓಡಿ ಗೋಲು ಹೊಡೆದಾಗ ಎಲ್ಲಿದ್ದಿರಿ? 2018-19ರಲ್ಲಿ ಇಡೀ ಸೀಸನ್‌ಗೆ ಒಂದೇ ಮ್ಯಾಚ್ ಸೋತು, 97 ಪಾಯಿಂಟ್ ಗಳಿಸಿಯೂ 98 ಪಾಯಿಂಟ್‌ನ ಮ್ಯಾಂಚೆಸ್ಟರ್ ಸಿಟಿ ಹಿಂದೆ ಎರಡನೇ ಸ್ಥಾನಕ್ಕೆ ನಿಂತಾಗ? ಆ ರಾತ್ರಿ ನನಗಂತೂ ಊಟ ಸೇರಲಿಲ್ಲ.

ಇವರಿಗಿಂತ ಜಾಸ್ತಿ ಉರಿಸುವವರು ಇನ್ನೊಂದು ಗುಂಪು. ಕೊರೊನಾ ಕಾಲ ಅಲ್ವಾ, ನಮ್ಮದೇ ಮೈದಾನ ಆನ್‌ಫೀಲ್ಡ್‌ನಲ್ಲಿ, ಜನರಿಲ್ಲದ ಖಾಲಿ ಸ್ಟ್ಯಾಂಡ್‌ಗಳ ಮುಂದೆ ಕಪ್ ಎತ್ತಿದರು. ಅದನ್ನೇ ಹಿಡಿದುಕೊಂಡು 'ಇದೂ ಒಂದು ಗೆಲುವಾ' ಅಂತ ಕಾಲೆಳೆಯುತ್ತಾರೆ. 7 ಮ್ಯಾಚ್ ಬಾಕಿ ಇರುವಾಗಲೇ ಲೀಗ್ ಕೈಗೆ ಬಂದಿದ್ದು ಮಾತ್ರ ಕಣ್ಣಿಗೆ ಬೀಳಲ್ಲ.

2025ರಲ್ಲಿ ಟಾಟನ್‌ಹ್ಯಾಮ್‌ಗೆ 5-1 ಬಾರಿಸಿ ಮತ್ತೆ ಗೆದ್ದಾಗ ಅದೇ ಹೊಸ ಜರ್ಸಿ ಜನ ಮತ್ತೆ ಹಾಜರ್. ಸಂಭ್ರಮ ಪಡಿ, ಆದರೆ ಆ ಮ್ಯಾಚ್ ಆಡಿದ ನಮ್ಮ ಹನ್ನೊಂದು ಜನರಲ್ಲಿ ಐವರ ಹೆಸರಾದರೂ ಹೇಳಿ ಮಾರಾಯ್ರೇ. ಎಲ್ಲರಿಗೂ ಗೊತ್ತಿರುವ ಸಲಾನನ್ನು ಎಣಿಸುವಂತಿಲ್ಲ.