ಕಂಪನಿ ಮಾರಿದರು, ನನ್ನ ವೀಸಾ ಎಲ್ಲಿಗೆ ಹೋಯಿತು?

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ಆಫೀಸಿನ ಅಡುಗೆಮನೆಗೆ ಕರೆದರು. ಕೇಕ್ ಇತ್ತು. ಅದರ ಮೇಲೆ ಹೊಸ ಮಾಲೀಕರ ಲೋಗೋ. ನಮ್ಮದು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಲವತ್ತು ಜನರ ಸಾಫ್ಟ್‌ವೇರ್ ಕಂಪನಿ. ಅದರ ಅಷ್ಟೂ ಷೇರನ್ನು ಇನ್ನೊಬ್ಬರು ಕೊಂಡಿದ್ದರು. "ಏನೂ ಬದಲಾಗಲ್ಲ" ಅಂತ ಬಾಸ್ ಮೂರು ಸಲ ಹೇಳಿದರು. ಸೋಮವಾರ ಹೋಗಿ ನೋಡಿದರೆ ಅದೇ ಕುರ್ಚಿ, ಅದೇ ಬೋರ್ಡು, ಹಿಡಿ ಮುರಿದ ಅದೇ ಟೀ ಮಗ್ಗು. ಆದರೆ ವೀಸಾ ಮೇಲೆ ಬಂದ ನನ್ನಂಥ ಆರು ಜನರನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿಗಿದ್ದ ಸ್ಪಾನ್ಸರ್ ಲೈಸೆನ್ಸಿನ ಕಥೆ ಅಲ್ಲಿಗೆ ಮುಗಿದಿತ್ತು. ಅದು ಕೇಕ್ ಕತ್ತರಿಸಿದ ಯಾರಿಗೂ ಗೊತ್ತಿರಲಿಲ್ಲ.

ಬ್ರಿಟನ್ನಿನ ನಿಯಮ ಹೀಗಿದೆ. ಲೈಸೆನ್ಸನ್ನು ಕೈಯಿಂದ ಕೈಗೆ ದಾಟಿಸುವ ಹಾಗಿಲ್ಲ. ಕಂಪನಿಯ ನೇರ ಒಡೆತನ ಬೇರೆಯವರ ಪಾಲಾದರೆ 20 ಕೆಲಸದ ದಿನಗಳೊಳಗೆ ಹೋಮ್ ಆಫೀಸಿಗೆ, ಅಂದರೆ ವೀಸಾ ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆಗೆ ತಿಳಿಸಬೇಕು, ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಹಳೆಯದನ್ನು ರದ್ದು ಮಾಡುತ್ತಾರೆ. ತಮಾಷೆ ಅಂದರೆ, ಮಾಲೀಕ ಕಂಪನಿಯ ಮೇಲಿನ ಕಂಪನಿ ಮಾರಾಟವಾದರೆ ಸುಮ್ನೆ ತಿಳಿಸಿದರೆ ಸಾಕು. ಅಜ್ಜ ಬದಲಾದರೆ ಚಿಂತೆಯಿಲ್ಲ, ಅಪ್ಪ ಬದಲಾದರೆ ಮತ್ತೆ ನಾಮಕರಣ! ಹಾಗಾಗಿ ದೊಡ್ಡ ಕಂಪನಿಗಳವರು ಎಷ್ಟೋ ಸಲ ಬಚಾವಾಗುತ್ತಾರೆ. ಪೆಟ್ಟು ತಿನ್ನುವವರು ನಮ್ಮಂಥ ಸಣ್ಣ ಕಂಪನಿಗಳವರು.

ಬೆಂಗಳೂರಲ್ಲಿ ಇದು ಊಹಿಸೋಕೂ ಆಗಲ್ಲ. 2019ರಲ್ಲಿ ಎಲ್ ಅಂಡ್ ಟಿ ಅಲ್ಲಿನ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯನ್ನು ಕೈಗೆ ತೆಗೆದುಕೊಂಡಿತು. ಕಾಫಿ ಡೇಯ ಸಿದ್ಧಾರ್ಥ ಅವರ ಸುಮಾರು 20% ಪಾಲು ಕೊಳ್ಳುವುದರಿಂದ ಶುರುವಾಗಿ, ಸ್ಥಾಪಕರು ಬೇಡ ಅಂದರೂ ನಡೆದೇ ಹೋಯಿತು. 2022ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಹೆಸರೂ ಬದಲಾಯಿತು. ಹೊಸ ಮ್ಯಾನೇಜರ್ ಯಾರು, ಹೈಕ್ ಎಷ್ಟು ಅಂತ ತಲೆ ಕೆಡಿಸಿಕೊಂಡವರು ಇದ್ದಿರಬಹುದು. ಊರು ಬಿಡಬೇಕಾ, ಮಗುವಿನ ಸ್ಕೂಲು ಬಿಡಿಸಬೇಕಾ ಅನ್ನುವ ಪ್ರಶ್ನೆ ಅಲ್ಲಿ ಏಳುವ ಹಾಗೇ ಇಲ್ಲ.

ನಮ್ಮ ಕಡೆ ಹತ್ತಿರದ ಹೋಲಿಕೆ ಅಂದರೆ ಬಸ್ಸು. ಉಡುಪಿಯ ಸರ್ವಿಸ್ ಬಸ್ ಮಾರಿದರೆ ಪರ್ಮಿಟ್ಟು ತಾನಾಗಿ ಹೊಸಬನ ಹೆಸರಿಗೆ ಬರಲ್ಲ. ಸಾರಿಗೆ ಪ್ರಾಧಿಕಾರ ಒಪ್ಪಬೇಕು. ಅದು ಸರಿಯೇ. ಆದರೆ ಡ್ರೈವರಿನ ಲೈಸೆನ್ಸು ಡ್ರೈವರಿನ ಜೇಬಲ್ಲೇ ಇರುತ್ತದೆ ಅಲ್ವಾ? ಇಲ್ಲಿ ನನ್ನ ಲೈಸೆನ್ಸನ್ನೂ ಬಸ್ಸಿನ ಪರ್ಮಿಟ್ಟಿಗೇ ಹೊಲಿದುಬಿಟ್ಟಿದ್ದಾರೆ.

ಅಮೆರಿಕದಲ್ಲಿ ಕಂಪನಿಗೆ ಇಂಥ ಲೈಸೆನ್ಸ್ ಅಂತ ಇಲ್ಲ. ಅಲ್ಲಿನ ಕೆಲಸದ ವೀಸಾ ಎಚ್-1ಬಿಯ ಅರ್ಜಿ ಒಬ್ಬೊಬ್ಬರ ಹೆಸರಲ್ಲೇ ಇರುತ್ತದೆ. ಕಂಪನಿ ಕೊಂಡವರು ಹಳಬರ ಹೊಣೆಯನ್ನೆಲ್ಲ ಹೊರುತ್ತೇವೆ ಅಂತ ಬರೆದು ಕಡತದಲ್ಲಿಟ್ಟು, ಕೆಲಸ ಹಾಗೇ ಮುಂದುವರಿಸಿದರೆ ಸಾಮಾನ್ಯವಾಗಿ ಹೊಸ ಅರ್ಜಿ ಬೇಡ. ಆ ದೇಶದ ವೀಸಾ ಪಾಡು ಬೇರೆಯೇ ಇದೆ, ಇದೊಂದರಲ್ಲಿ ಮಾತ್ರ ಅವರದು ವಾಸಿ.

ಬ್ರಿಟನ್ನಿನ ನಿಯಮ ಪೂರ್ತಿ ದಡ್ಡತನ ಅಂತ ನಾನು ಹೇಳಲ್ಲ. ಲೈಸೆನ್ಸು ಕಂಪನಿಯ ಜೊತೆಗೇ ಮಾರಾಟವಾಗುವಂತಿದ್ದರೆ, ವೀಸಾ ದಂಧೆ ಮಾಡುವವರು ಲೈಸೆನ್ಸ್ ಇರುವ ಪುಟ್ಟ ಕಂಪನಿಗಳನ್ನೇ ಹುಡುಕಿ ಕೊಳ್ಳುತ್ತಿದ್ದರು. ಕೊಂಡವರು ಯಾರು ಅಂತ ಸರ್ಕಾರ ನೋಡಲಿ. ಅರ್ಜಿ ಸರಿಯಾಗಿ ಹೋದರೆ ನಾವು ಬೇರೆ ವೀಸಾ ಹಾಕಬೇಕಿಲ್ಲ, ಅದೇ ಕೆಲಸ ಮುಂದುವರಿಯುತ್ತದೆ. ಹೋಗದಿದ್ದರೆ ಅಥವಾ ತಿರಸ್ಕಾರವಾದರೆ ನಮ್ಮ ಕೈಗೆ ಸಿಗುವುದು ಸಾಮಾನ್ಯವಾಗಿ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು.

ನನ್ನ ತಕರಾರು ಒಂದೇ. ಈ 20 ದಿನ ಓಡುತ್ತಿರುವಾಗ ನಮಗೆ ಯಾರೂ ಒಂದು ಮಾತು ಹೇಳಬೇಕಾಗಿಲ್ಲ. ಸರ್ಕಾರಕ್ಕೆ ತಿಳಿಸುವ ಪೋರ್ಟಲ್ಲಿಗೆ ಲಾಗಿನ್ ಇರುವುದು ಕಂಪನಿಯವರಿಗೆ. ನನ್ನ ಇ-ವೀಸಾ ತೆರೆದರೆ ಮುಗಿಯುವ ತಾರೀಕು ಕಾಣುತ್ತದೆ, ಲೈಸೆನ್ಸಿನ ಗತಿ ಕಾಣಲ್ಲ. ಮಾಲೀಕರು ಬದಲಾಗಿದ್ದಾರೆ, ಅರ್ಜಿ ಬಂದಿದೆ ಅಥವಾ ಬಂದಿಲ್ಲ ಅಂತ ನೇರವಾಗಿ ನಮಗೊಂದು ಇಮೇಲ್ ಕಳಿಸಿದರೆ ಏನು ಗಂಟು ಹೋಗುತ್ತದೆ?

ನನಗೆ ಗೊತ್ತಾಗಿದ್ದು ಬೇರೆ ಕಂಪನಿಯ ಗೆಳೆಯನೊಬ್ಬ ಊಟಕ್ಕೆ ಕೂತಾಗ "ನಿಮ್ಮ ಲೈಸೆನ್ಸಿನ ಕಥೆ ಏನಾಯಿತು?" ಅಂತ ಕೇಳಿದ್ದರಿಂದ. 16ನೇ ದಿನ ಎಚ್‌ಆರ್ ಹತ್ತಿರ ಹೋದೆ. "ಯಾವ ಲೈಸೆನ್ಸು?" ಅಂದರು. ನನ್ನ ಮುಖ ನೋಡಿ ಅವರ ಮುಖವೂ ಬಿಳಿಚಿತು. 19ನೇ ದಿನ ಸಂಜೆ ಅರ್ಜಿ ಹೋಯಿತು.

ಆಮೇಲೆ ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಸರ್ಕಾರದ ಸ್ಪಾನ್ಸರ್ ಪಟ್ಟಿ ತೆಗೆದು ನಮ್ಮ ಕಂಪನಿಯ ಹೆಸರು ಹುಡುಕುವುದು, ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡುವ ಹಾಗೆ. ಏಳು ವಾರ ನೋಡಿದೆ. ಹೊಸ ಲೈಸೆನ್ಸ್ ಬಂದ ಸಂಜೆ ಅಮ್ಮ ಫೋನಲ್ಲಿ ಕೇಳಿದಳು, "ಹೊಸ ಯಜಮಾನ ಒಳ್ಳೆಯವನೇನೋ?"

"ಗೊತ್ತಿಲ್ಲಮ್ಮ, ಲೈಸೆನ್ಸ್ ಇದೆ" ಅಂದೆ.