ಹಂದಿಯನ್ನು ಆನೆ ಮಾಡಹೊರಟವನು

ಮೊನ್ನೆ ಭಾನುವಾರ ಕಟಿಂಗ್ ಮಾಡಿಸಿಕೊಂಡು ಮನೆಗೆ ಬಂದರೆ, ನನ್ನ ಮೇಜಿನ ಮೇಲೆ ಟವೆಲ್ ಹಾಸಿತ್ತು. ಅದರ ಮೇಲೆ ಹದಿನಾಲ್ಕು ಬೆಳ್ಳಿ ನಾಣ್ಯಗಳು ಸಾಲಾಗಿ ಅಂಗಾತ ಮಲಗಿದ್ದವು. ಹೊಸ ಸ್ಟೀಲ್ ಚಮಚದ ಹಾಗೆ ಪಳಪಳ ಅನ್ನುತ್ತಿದ್ದವು. ಪಕ್ಕದಲ್ಲಿ ನನ್ನ ಭಾವಮೈದ ನಿಂತಿದ್ದ. ಅವನ ಮುಖ ನಾಣ್ಯಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಎಷ್ಟು ಕಪ್ಪು ಹಿಡಿದಿತ್ತು ಭಾವ! ನೀವು ನೋಡ್ಕೊಳ್ಳೋದೇ ಇಲ್ಲ. ಪೇಸ್ಟ್ ಹಾಕಿ ತಿಕ್ಕಿದೆ ನೋಡಿ, ಒಂದೊಂದಕ್ಕೆ ಎರಡೇ ನಿಮಿಷ."

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಕೊನೆಗೆ ಹೊರಟದ್ದು ಒಂದೇ ಪ್ರಶ್ನೆ: "ಯಾವ ಬ್ರಷ್ಷಲ್ಲಿ?"

"ವಾಷ್‌ಬೇಸಿನ್ ಹತ್ರ ಇತ್ತಲ್ಲ, ನೀಲಿದು."

ನೀಲಿದು ನನ್ನದು. ಆ ವಿಚಾರ ಹಾಗಿರಲಿ.

ಮನೆಯಲ್ಲಿ ಏನಾದರೊಂದನ್ನು ಕೂಡಿಡುವ ಚಟವಿರುವವರಿಗೆ ಈ ಸಂಕಟ ಗೊತ್ತು. ನಾವು ವರ್ಷಗಟ್ಟಲೆ ಕಾಪಾಡಿದ್ದನ್ನು ಹಾಳು ಮಾಡಲು ಕಳ್ಳನೇ ಬರಬೇಕಾಗಿಲ್ಲ, ಉಪಕಾರಿ ಸಾಕು. ಕಳ್ಳನಿಗಾದರೆ ಬಯ್ಯಬಹುದು. ತೋಳು ಮಡಿಸಿ, ಬೆವರು ಸುರಿಸಿ, ನಿಮ್ಮದೇ ಪೇಸ್ಟನ್ನು ಅರ್ಧ ಟ್ಯೂಬ್ ಖಾಲಿ ಮಾಡಿ ನಿಂತವನಿಗೆ ಏನಂತ ಬಯ್ಯುತ್ತೀರಿ? ನಾನು "ಥ್ಯಾಂಕ್ಸ್" ಅಂದೆ. ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಅವನು ಕಪ್ಪು ಅಂದದ್ದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ತಾಗಿ ಮೇಲೊಂದು ತೆಳುಪದರ ಕಟ್ಟುತ್ತದೆ. ಮೊದಲು ಜೇನಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ, ಕಟ್ಟಕಡೆಗೆ ಕಪ್ಪು. ಇದು ದಶಕಗಳ ಕೆಲಸ. ಟೂತ್‌ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿ ಆ ಬಣ್ಣದ ಜೊತೆಗೆ ಒಂದಿಷ್ಟು ಬೆಳ್ಳಿಯನ್ನೂ ಕೆರೆದುಕೊಂಡು ಹೋಗುತ್ತದೆ. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಜೇಡರ ಬಲೆಯಂಥ ಗೀರುಗಳು ಕಾಣಿಸುತ್ತವೆ. ಸಂಗ್ರಹಕಾರರು ಅದನ್ನು ನೋಡಿದ ಕೂಡಲೇ ತುಟಿ ಕೊಂಕಿಸಿ ಪಕ್ಕಕ್ಕಿಡುತ್ತಾರೆ. ತಿಕ್ಕಿದ ನಾಣ್ಯ ತಿಕ್ಕಿದ್ದೇ. ಅದಕ್ಕೆ ಮರುಜನ್ಮವಿಲ್ಲ.

ಹದಿನಾಲ್ಕರಲ್ಲಿ ಒಂದಕ್ಕೆ ಮಾತ್ರ ವಿಶೇಷ ಸೇವೆ ಸಂದಿತ್ತು. ಅದು ಐದನೇ ಜಾರ್ಜನ 1911ರ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಕೆತ್ತಿದವರು ಅದರ ಸೊಂಡಿಲನ್ನು ಎಷ್ಟು ಗಿಡ್ಡ ಮಾಡಿದ್ದರೆಂದರೆ ನೋಡಿದವರಿಗೆಲ್ಲ ಅದು ಹಂದಿಯಂತೆ ಕಂಡಿತು. ಜನ ರೊಚ್ಚಿಗೆದ್ದರು. 1912ರ ನಾಣ್ಯಕ್ಕೆ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಬೇಕಾಯಿತು. ಹಾಗಾಗಿ ಇದಕ್ಕೆ 'ಹಂದಿ ರೂಪಾಯಿ' ಎಂಬ ಹೆಸರೇ ಬಿದ್ದಿದೆ.

"ಇದ್ರಲ್ಲಿ ಏನೋ ಹಂದಿ ಥರ ಕೂತಿತ್ತು ಭಾವ. ಕೊಳೆ ಅಂದ್ಕೊಂಡು ಮೂರು ಸಲ ಹಾಕಿ ಉಜ್ಜಿದೆ. ಹೋಗ್ಲಿಲ್ಲ."

ಒಂದು ಸಾಮ್ರಾಜ್ಯ ಅಚ್ಚನ್ನೇ ಬದಲಿಸಿ ಮುಗಿಸಿದ ಕೆಲಸವನ್ನು ಇವನು ನನ್ನ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಾಧಿಸಲು ಹೊರಟಿದ್ದ. ಹಂದಿ ಹಂದಿಯಾಗಿಯೇ ಉಳಿದಿದೆ. ರಾಜನ ಗಡ್ಡ ಮಾತ್ರ ಸ್ವಲ್ಪ ಟ್ರಿಮ್ ಆದಂತಿದೆ.

ಹಾಗೆ ನೋಡಿದರೆ ಈ ಅನಾಹುತವನ್ನು ನಾನು ಮೊದಲೇ ಊಹಿಸಬೇಕಿತ್ತು. ನಾಣ್ಯವನ್ನು ಅಂಚು ಹಿಡಿದು ಎತ್ತಬೇಕು, ಎರಡು ಬೆರಳಲ್ಲಿ, ಕೆಳಗೆ ಮೆತ್ತನೆಯ ಬಟ್ಟೆ ಇರಬೇಕು. ಇವನು ಎತ್ತಿದ ಕೂಡಲೇ ಹೆಬ್ಬೆರಳನ್ನು ನೇರ ರಾಜನ ಕೆನ್ನೆ ಮೇಲೆ ಇಡುತ್ತಾನೆ. ಆಮೇಲೆ ಬಾಯಿ ಹತ್ತಿರ ತಂದು "ಹಾ..." ಎಂದು ಉಸಿರು ಬಿಟ್ಟು ಅಂಗಿಗೆ ಒರೆಸುತ್ತಾನೆ, ಮಾವಿನಹಣ್ಣು ಒರೆಸಿದ ಹಾಗೆ. ಆಮೇಲೆ ನೆಲಕ್ಕೆ ಬೀಳಿಸಿ "ಠಣ್" ಅನ್ನುತ್ತದೋ ಇಲ್ಲವೋ ಎಂದು ಕಿವಿಗೊಡುತ್ತಾನೆ. ಬೆಳ್ಳಿಯ ನಾದ ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ಅಂಚು ನೆಗ್ಗಿದರೆ ಆ ನಾದವನ್ನು ನಾನೇನು ಮಾಡಲಿ? ಇಷ್ಟೆಲ್ಲ ನಡೆಯುವಾಗ ಬಾಯಿ ಸುಮ್ಮನಿರುವುದಿಲ್ಲ. ನಾಣ್ಯದ ಮೇಲೆ ಬಗ್ಗಿ ಮಾತಾಡಿದರೆ ಎಂಜಲ ಹನಿ ಬಿದ್ದು ಸಾಸಿವೆಯಷ್ಟು ಕಲೆ ಆಗುತ್ತದೆ, ತಕ್ಷಣ ಕಾಣುವುದಿಲ್ಲ, ಎಷ್ಟೋ ದಿನದ ಮೇಲೆ ಮೂಡುತ್ತದೆ. ಅಷ್ಟರಲ್ಲಿ ಮಾತಾಡಿದವರು ಊರಿಗೆ ಹೋಗಿರುತ್ತಾರೆ.

ನನ್ನ ಹತ್ತಿರ ಇರುವುದು ಒಂದೇ ಒಂದು ಸವರನ್, ಬ್ರಿಟಿಷರ ಚಿನ್ನದ ನಾಣ್ಯ. ಹೋದ ಸಲ ಅದನ್ನು ಕಚ್ಚಲು ಬಾಯಿಗಿಟ್ಟೇಬಿಟ್ಟಿದ್ದ. "ಅಸಲಿ ಆದ್ರೆ ಹಲ್ಲಿನ ಗುರುತು ಬೀಳುತ್ತೆ ಭಾವ." ಸೀಸವನ್ನು ಕಚ್ಚಿದರೂ ಬೀಳುತ್ತೆ ಮಾರಾಯ, ಅದು ಚಿನ್ನಕ್ಕಿಂತ ಮೆದು. 22 ಕ್ಯಾರೆಟ್ಟಿನ ಸವರನ್ನಿಗೆ 7.98 ಗ್ರಾಂ ತೂಕ, 22 ಮಿಲಿಮೀಟರ್ ಅಗಲ. ತಕ್ಕಡಿ ಇದೆ, ಅಳತೆಪಟ್ಟಿ ಇದೆ, ಹಲ್ಲು ಯಾಕೆ?

ನಾನೇನು ದೊಡ್ಡ ಪಂಡಿತನಲ್ಲ. ಶುರುವಿನಲ್ಲಿ ಮೆತ್ತನೆಯ ಪಿವಿಸಿ ಕವರಿನಲ್ಲಿ ನಾಣ್ಯಗಳನ್ನು ಹಾಕಿ ಜಾಣನಂತೆ ಬೀಗಿದ್ದೆ. ಕೆಲವು ವರ್ಷಕ್ಕೆ ಅದು ಹಸಿರು ಜಿಗುಟು ಬಿಟ್ಟುಕೊಂಡಿತು. ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬೇಕು, ಉಜ್ಜಬಾರದು. ಅದು ಗೊತ್ತಾಗುವ ಮೊದಲು ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ಬಾಟಲಿ ಖಾಲಿ ಮಾಡಿದ್ದೆ. ಅದರಲ್ಲಿ ಅಸಿಟೋನಿನ ಜೊತೆಗೆ ಎಣ್ಣೆ, ಪರಿಮಳ ಎಲ್ಲ ಇರುತ್ತದಂತೆ. ನಾಣ್ಯ ಒಂದು ವಾರ ಗುಲಾಬಿ ವಾಸನೆ ಬರುತ್ತಿತ್ತು. ಮನೆಗೆ ಯಾರು ಹೊಸ ಶೂ ತಂದರೂ ಡಬ್ಬಿಯೊಳಗಿನ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಕ್ಕೆ ಮೊದಲು ಕೈ ಹಾಕುವವನು ನಾನು. ಶೂ ಯಾವ ಬಣ್ಣದ್ದು ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಆ ಹಂದಿ ರೂಪಾಯಿ ಅಜ್ಜನದ್ದು. ಅವರು ಅದನ್ನು ಒಂದು ಕಾಗದದಲ್ಲಿ ಮಡಿಸಿ ಟ್ರಂಕಿನ ತಳದಲ್ಲಿಟ್ಟಿದ್ದರು. ಕಾಗದದಲ್ಲೂ ಗಂಧಕ ಇರುತ್ತದೆ, ಇಡಬಾರದು ಎಂದು ಈಗ ಯಾರಾದರೂ ಹೇಳುತ್ತಾರೆ. ಆದರೆ ಆ ಕಾಗದದ ಮಡಿಕೆ ಇದ್ದ ಕಡೆ ನಾಣ್ಯದ ಅಂಚಿನಲ್ಲಿ ನೀಲಿಯೂ ನೇರಳೆಯೂ ಸೇರಿ ಒಂದು ಗೆರೆ ಎದ್ದಿತ್ತು, ನವಿಲುಗರಿಯ ತುದಿಯ ಹಾಗೆ. ಅಜ್ಜ ಅದನ್ನು ನೋಡಲೇ ಇಲ್ಲವೇನೋ. ಮಡಿಸಿಟ್ಟಿದ್ದಷ್ಟೇ ಅವರು, ಉಳಿದದ್ದು ಟ್ರಂಕು ಮಾಡಿತು. ಈಗ ಆ ಗೆರೆ ವಾಷ್‌ಬೇಸಿನ್ನಿನ ಪೈಪಿನಲ್ಲಿ ಎಲ್ಲೋ ಇದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಹೊರಗೆ ತೆಗೆದೆ. ಹತ್ತಿಯ ಗವಸು ಹಾಕಿಕೊಳ್ಳಲು ಹೋದವನಿಗೆ, ಇನ್ನು ಯಾವ ಸುಖಕ್ಕೆ ಅನ್ನಿಸಿತು. ಬರಿಗೈಯಲ್ಲಿ ಹಿಡಿದೆ. ಅದು ನನ್ನ ಕೈ ಸೇರಿದಾಗಿನಿಂದ ಇದೇ ಮೊದಲು. ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಸುಮಾರು ಹೊತ್ತು ಹಾಗೇ ಕೂತಿದ್ದೆ, ಹೆಬ್ಬೆರಳನ್ನು ಸರಿಯಾಗಿ ರಾಜನ ಕೆನ್ನೆ ಮೇಲಿಟ್ಟುಕೊಂಡು.

ನಿನ್ನೆ ಭಾವಮೈದ ಮತ್ತೆ ಬಂದಿದ್ದ. ನಾಣ್ಯವನ್ನು ಎತ್ತಿ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ.

"ಯಾರೋ ಬೆರಳಿಟ್ಟಿದ್ದಾರೆ ಭಾವ, ನೋಡಿ ಇಲ್ಲಿ. ಪೇಸ್ಟ್ ಇದ್ಯಾ?"

ನೀಲಿ ಬ್ರಷ್ಷನ್ನು ಅವನಿಗೇ ಕೊಟ್ಟುಬಿಟ್ಟೆ. ಹೇಗೂ ನಾನು ಹಸಿರಿದು ಕೊಂಡುಕೊಂಡಿದ್ದೇನೆ.