ಡಿಕ್ಕಿಯಲ್ಲಿ ಒಂದು ಬಾಟಲಿ ಅಂಟು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಮಂಡಕ್ಕಿ ಮೂಟೆ ಹೇರಿಕೊಂಡ ಲಗೇಜ್ ಆಟೋಗೆ ಸ್ಟೆಪ್ನಿ ಇದೆ. ಹಾಲಿನ ವ್ಯಾನಿಗೆ ಇದೆ. ಹೊನ್ನಾಳಿ ಕಡೆಯಿಂದ ಭತ್ತ ತುಂಬಿಕೊಂಡು ಬರುವ ಲಾರಿಗಂತೂ ಎರಡೆರಡು. ಎರಡೂ ಸವೆದು ಬೋಳಾಗಿರುತ್ತವೆ, ಅದು ಬೇರೆ ಮಾತು. ಇಡೀ ರಸ್ತೆಯಲ್ಲಿ ಸ್ಟೆಪ್ನಿ ಇಲ್ಲದ್ದು ಒಂದಕ್ಕೇ. ಅರ್ಧ ಕೋಟಿ ಕೊಟ್ಟು ತಂದ, ನಿಂತಲ್ಲಿಂದ ನೂರರ ವೇಗಕ್ಕೆ ಆರೇ ಸೆಕೆಂಡಿನಲ್ಲಿ ಏರುವ, ಸೈಲೆನ್ಸರ್ ಎರಡಿದ್ದೂ ಸದ್ದು ಕಡಿಮೆಯಾಗದ ಕೆಂಪು ಕಾರಿಗೆ.

ಇದನ್ನು ಯಾರೂ ಮರೆತು ಬಿಟ್ಟದ್ದಲ್ಲ. ಬೇಕಂತಲೇ ಬಿಟ್ಟದ್ದು. ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಡಿಕ್ಕಿ ಎತ್ತುತ್ತಾನೆ. ಮ್ಯಾಟ್ ಸರಿಸುತ್ತಾನೆ. ಕೆಳಗೆ ಥರ್ಮಕೋಲ್ ತಟ್ಟೆ. ಅದರಲ್ಲಿ ಒಂದು ಬಾಟಲಿ ಅಂಟು, ಅಂಗೈಯಗಲದ ಒಂದು ಪಂಪು, ಗಾಡಿ ಎಳೆಸಿಕೊಳ್ಳಲು ಒಂದು ಕೊಕ್ಕೆ. ಕೊನೆಯದನ್ನು ನೋಡಿದಾಗಲೇ ಗಿರಾಕಿಗೆ ಅನುಮಾನ ಬರಬೇಕು, ಬರುವುದಿಲ್ಲ. "ಟೈರ್ ಮೊಬಿಲಿಟಿ ಕಿಟ್ ಸರ್" ಅನ್ನುತ್ತಾನೆ ಹುಡುಗ. ಸ್ಟೆಪ್ನಿ ಇಲ್ಲ ಅನ್ನುವ ಮಾತು ಮಾತ್ರ ಅವನ ಬಾಯಿಂದ ಹೊರಡುವುದಿಲ್ಲ. ತೀರಾ ಒತ್ತಾಯ ಮಾಡಿದರೆ, "ವೇಟ್ ಕಮ್ಮಿ ಮಾಡಿದಾರೆ ಸರ್, ಪರ್ಫಾರ್ಮೆನ್ಸ್‌ಗೋಸ್ಕರ" ಎಂಬ ಉತ್ತರ. ಕಮ್ಮಿಯಾದದ್ದು ಹದಿನೈದೋ ಇಪ್ಪತ್ತೋ ಕಿಲೊ. ಎದುರಿಗೆ ನಿಂತಿರುವ ಯಜಮಾನರು ಹೋದ ಮದುವೆ ಸೀಸನ್ನಿನಲ್ಲೇ ಅದರ ಅರ್ಧದಷ್ಟು ಏರಿಸಿಕೊಂಡಿದ್ದಾರೆ.

ಸರ್ಕಾರದ ಆಶೀರ್ವಾದವೂ ಇದೆ. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೂರೂವರೆ ಟನ್ ಮೀರದ, ಡ್ರೈವರ್ ಸೇರಿ ಒಂಬತ್ತು ಸೀಟಿನೊಳಗಿನ ಗಾಡಿಯಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ತಿಳಿಸುವ ಸೆನ್ಸರ್, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ. ಜಾಗ ಉಳಿಯುತ್ತದೆ, ಎಲೆಕ್ಟ್ರಿಕ್ ಗಾಡಿಗಳಲ್ಲಿ ದೊಡ್ಡ ಬ್ಯಾಟರಿ ಕೂರಿಸಬಹುದು ಎಂದು ಕಾರಣವನ್ನೂ ಕೊಟ್ಟರು. ಬ್ಯಾಟರಿ ಗಾಡಿಯ ಮಾತು ಒಪ್ಪೋಣ. ಪೆಟ್ರೋಲ್ ಕುಡಿಯುವ ಗಾಡಿಯಲ್ಲಿ ಆ ಉಳಿದ ಜಾಗ ಏನಾಯಿತು? ಎಷ್ಟೋ ಕಾರುಗಳಲ್ಲಿ ಅಲ್ಲಿ ಸ್ಪೀಕರಿನ ಡಬ್ಬ ಕೂತಿದೆ. ಪಂಚರ್ ಆದಾಗ ಹಾಡು ಕೇಳಿಕೊಂಡು ಕಾಯಬಹುದು.

ಇನ್ನು ಆ ಸೆನ್ಸರ್. ಮನೆಯ ಸೂರು ಕಿತ್ತುಕೊಂಡು ಹೋಗಿ, ಮಳೆ ಬಂತು ಅಂತ ಕೂಗಿ ಹೇಳಲು ಆಳು ಇಟ್ಟ ಹಾಗಾಯಿತು ಕಥೆ.

ಬಾಟಲಿಯ ಅಂಟಿಗೂ ತನ್ನದೇ ಷರತ್ತುಗಳಿವೆ. ಟೈರು ನೆಲಕ್ಕೆ ತಾಗುವ ಕಡೆಯೇ ತೂತಾಗಬೇಕು. ಅದೂ ಮೊಳೆಯೋ ಸ್ಕ್ರೂವೋ ಚುಚ್ಚಿದಷ್ಟು, ಹೆಚ್ಚೆಂದರೆ ನಾಲ್ಕರಿಂದ ಆರು ಮಿಲಿಮೀಟರ್. ಟೈರಿನ ಪಕ್ಕ ಸೀಳಿತೋ, ಅಂಟು ಕೈಚೆಲ್ಲುತ್ತದೆ. ನಾಲ್ಕೈದು ವರ್ಷಕ್ಕೆ ಎಕ್ಸ್‌ಪೈರಿ ಬೇರೆ. ಬಾಟಲಿ ತಿರುಗಿಸಿ ಆ ತಾರೀಖು ಓದಿದ ಒಬ್ಬ ಮಾಲೀಕರನ್ನೂ ನಾನು ಕಂಡಿಲ್ಲ.

ಅಂಟು ತಯಾರಿಸಿದವರು ನಮ್ಮ ರಸ್ತೆ ನೋಡಿಲ್ಲ ಅನ್ನುವುದು ಇಲ್ಲೇ ಗೊತ್ತಾಗುವುದು. ನಮ್ಮ ರಸ್ತೆಗಳು ಮೊಳೆಯಂಥ ಸಣ್ಣತನಕ್ಕೆ ಇಳಿಯುವುದಿಲ್ಲ. ಇಲ್ಲಿ ನೇರವಾಗಿ ಗುಂಡಿ. ಗುಂಡಿಯ ಅಂಚಿನಲ್ಲಿ ಕಿತ್ತು ನಿಂತ ಜಲ್ಲಿ. ಬಣ್ಣ ಬಳಿಯದ ಹಂಪು. ಈ ಕಾರಿನ ಟೈರೋ, 245/35. ಅಂದರೆ 245 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ ನೂರಕ್ಕೆ ಮೂವತ್ತೈದು ಪಾಲು. ಲೆಕ್ಕ ಹಾಕಿದರೆ 86 ಮಿಲಿಮೀಟರ್, ನಾಲ್ಕು ಬೆರಳಿನ ಅಗಲಕ್ಕಿಂತ ಚೂರು ಜಾಸ್ತಿ. ರಿಮ್ಮಿಗೂ ಗುಂಡಿಗೂ ನಡುವೆ ಇರುವ ಸಂಧಾನಕಾರ ಅಷ್ಟೇ. ಒಂದೇ ಏಟಿಗೆ ಪಕ್ಕ ಸೀಳುತ್ತದೆ, ಇಲ್ಲವೇ ಉಬ್ಬು ಏಳುತ್ತದೆ. ಎರಡಕ್ಕೂ ಬಾಟಲಿಯಲ್ಲಿ ಮದ್ದಿಲ್ಲ.

ಚನ್ನಗಿರಿ ಕಡೆಯ ಅಡಿಕೆ ತೋಟದ ಗೌಡರೊಬ್ಬರು ನನಗೆ ಪರಿಚಯ. ಅಡಿಕೆಗೆ ಒಳ್ಳೇ ರೇಟು ಬಂದ ವರ್ಷ ಇಂಥ ಕಾರು ತಂದರು. ಬೆಂಗಳೂರಿನಿಂದ ವಾಪಸ್ ಬರುವಾಗ, ಹಿರಿಯೂರು ದಾಟಿ ಐಮಂಗಲದ ಹತ್ತಿರ ಧಡ್ ಅಂತ ಒಂದು ಸದ್ದು. ಸ್ಕ್ರೀನಿನ ಮೇಲೆ ತಕ್ಷಣ ಕೆಂಪು ಚಿತ್ರ: ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ಇಲ್ಲ. ಇಳಿದು ನೋಡಿದರೆ ನಿಜವಾಗಿಯೂ ಇರಲಿಲ್ಲ. ಸುತ್ತಲಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಆ ಹೊತ್ತಿಗೆ ಗಾಳಿಗೆ ಬರ ಇದ್ದದ್ದು ಆ ಒಂದು ಚಕ್ರದಲ್ಲಿ ಮಾತ್ರ.

ಟೋಲ್ ಫ್ರೀ ನಂಬರಿಗೆ ಹಚ್ಚಿದರು.

"ಸರ್, ಹತ್ತಿರ ಯಾವುದಾದರೂ ಲ್ಯಾಂಡ್‌ಮಾರ್ಕ್ ಹೇಳಿ."

"ಗಾಳಿ ಫ್ಯಾನ್ ಕಾಣ್ತದಪ್ಪ."

"ಯಾವ ಫ್ಯಾನ್ ಸರ್?"

ಗೌಡರು ಗುಡ್ಡದ ಕಡೆ ಕತ್ತೆತ್ತಿ ನೋಡಿ ಫೋನ್ ಕೆಳಗಿಟ್ಟರು.

ಅಷ್ಟರಲ್ಲಿ ಟಿವಿಎಸ್ಸಿನ ಮೇಲೆ ಪಂಚರ್ ಅಂಗಡಿಯ ಹುಡುಗ ಬಂದ. ಹೈವೇಯಲ್ಲಿ ಗಾಡಿ ನಿಂತರೆ ಇವರಿಗೆ ಹೇಗೆ ಗೊತ್ತಾಗುತ್ತದೋ, ಆ ಸೆನ್ಸರ್ ಯಾವ ಕಂಪನಿಯದೋ ವಿಚಾರಿಸಬೇಕು. "ಸ್ಟೆಪ್ನಿ ತೆಗೀರಿ ಯಜಮಾನ್ರೇ, ಹತ್ತು ನಿಮಿಷದ ಕೆಲಸ" ಅಂದ.

"ಸ್ಟೆಪ್ನಿ ಇಲ್ಲಪ್ಪ."

"ಮನೇಲಿ ಬಿಟ್ಟು ಬಂದ್ರಾ?"

"ಕಂಪನಿಯೋರೇ ಕೊಟ್ಟಿಲ್ಲ."

ಹುಡುಗ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಕೆಂಪು ಬಣ್ಣ, ಕರೀ ಚಕ್ರ, ಹಿಂದಿನ ರೆಕ್ಕೆ ಎಲ್ಲ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಸೆಕೆಂಡ್ ಹ್ಯಾಂಡಾ?"

ಜಾಕ್ ಕೇಳಿದ. ಅದೂ ಇರಲಿಲ್ಲ. ಸ್ಪ್ಯಾನರ್ ಕೇಳಿದ. ಇರಲಿಲ್ಲ. ಸ್ಟೆಪ್ನಿಯೇ ಇಲ್ಲದ ಮೇಲೆ ಚಕ್ರ ಯಾಕೆ ಬಿಚ್ಚಬೇಕು ಎನ್ನುವ ತರ್ಕದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಕೊನೆಗೆ ರಾತ್ರಿ ಹೊತ್ತಿಗೆ ಒಂದು ಟೋಯಿಂಗ್ ಲಾರಿ ಬಂತು. ನೂರರ ವೇಗಕ್ಕೆ ಆರು ಸೆಕೆಂಡಿನಲ್ಲಿ ಏರುವ ಕಾರು ಮೂವತ್ತರಲ್ಲಿ ಲಾರಿ ಬೆನ್ನೇರಿ ದಾವಣಗೆರೆಗೆ ಬಂತು. ಆ ಸೈಜಿನ ಟೈರು ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೆಂಗಳೂರಿನಿಂದ ಬಸ್ಸಿಗೆ ಹಾಕಿಸಿ ತರಿಸಬೇಕಾಯಿತು. ಬಸ್ಸಿಗೂ ಸ್ಟೆಪ್ನಿ ಇತ್ತು ಅನ್ನುವುದನ್ನು ಗೌಡರಿಗೆ ಯಾರೂ ಹೇಳಲಿಲ್ಲ.

20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ಶೇಕಡ 18. ಗೌಡರು ಅದನ್ನು ಒಂದೇ ಕಂತಿನಲ್ಲಿ ಕಟ್ಟಿದ್ದಾರೆ. ರಸ್ತೆ ಅದಕ್ಕೆ ರಸೀದಿ ಕೊಟ್ಟಿದೆ, ಟೈರಿನ ಪಕ್ಕಕ್ಕೆ.

ಇದೆಲ್ಲ ಹೊಸ ಕಾಲದ ತಂತ್ರಜ್ಞಾನ ಎಂದು ನಂಬಿದವರಿಗೆ ಒಂದು ಹಳೇ ವಿಷಯ. ಕಾರು ಹುಟ್ಟಿದ ಹೊಸದರಲ್ಲೂ ಸ್ಟೆಪ್ನಿ ಇರಲಿಲ್ಲ. ಪಂಚರ್ ಆದರೆ ರಸ್ತೆ ಬದಿಯಲ್ಲಿ ಕೂತು, ಟೈರು ಕಿತ್ತು, ಟ್ಯೂಬಿಗೆ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಕಡ್ಡಿಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಅದನ್ನು ಪಂಚರ್ ಆದ ಚಕ್ರದ ಪಕ್ಕಕ್ಕೆ ಕ್ಲಾಂಪಿನಿಂದ ಬಿಗಿದು ಗಾಡಿ ಓಡಿಸಿದರು. ಜಗತ್ತೆಲ್ಲ ಅದನ್ನು ಕೊಂಡಿತು. 2020ಕ್ಕೆ, ಅಂದರೆ 116 ವರ್ಷ ಕಳೆದ ಮೇಲೆ, ನಾವು ಡೇವಿಸ್ ಅಣ್ಣತಮ್ಮಂದಿರ ಹಿಂದಿನ ದಿನಕ್ಕೆ ಬಂದು ನಿಂತಿದ್ದೇವೆ. ಆಗ ಸಾಹುಕಾರರ ಜೊತೆ ತೇಪೆ ಹಾಕಲು ಬಲ್ಲ ಡ್ರೈವರ್ ಇರುತ್ತಿದ್ದ. ಈಗ ಲ್ಯಾಂಡ್‌ಮಾರ್ಕ್ ಕೇಳುವ ಹುಡುಗಿ ಇದ್ದಾಳೆ.

ಗೌಡರು ಹಟ ಹಿಡಿದರು. ಎಷ್ಟಾದರೂ ಆಗಲಿ, ಸ್ಟೆಪ್ನಿ ಹಾಕಿಸಿಯೇ ಸಿದ್ಧ. ಸರ್ವಿಸ್ ಸೆಂಟರಿನವರು, "ಈ ಮಾಡೆಲ್ ಸ್ಟೆಪ್ನಿ ಸಪೋರ್ಟ್ ಮಾಡಲ್ಲ ಸರ್" ಅಂದರು. ಮಾಡೆಲ್ ಏನೇನು ಸಪೋರ್ಟ್ ಮಾಡುತ್ತದೆ ಎಂಬ ಪಟ್ಟಿಯಲ್ಲಿ ಚನ್ನಗಿರಿ ರಸ್ತೆಯೂ ಇರಲಿಲ್ಲ. ಸರಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿದರು. ಬೇರೆ ಯಾವುದೋ ಕಾರಿನಿಂದ ಬಿಚ್ಚಿದ, 125 ಮಿಲಿಮೀಟರ್ ಅಗಲದ ಸಣಕಲು ಸ್ಟೆಪ್ನಿ ಸಿಕ್ಕಿತು. ಅದಕ್ಕೆ 60 ಪಿಎಸ್‌ಐ ಗಾಳಿ ಹಿಡಿಯಬೇಕು. 80ರ ಮೇಲೆ ಓಡಿಸಬೇಡಿ ಎಂದು ಹಳದಿ ಚೀಟಿ ಅಂಟಿಸಿತ್ತು. ಐದು ಬೋಲ್ಟಿನ ತೂತುಗಳು, ಅವು ಕೂತಿರುವ 112 ಮಿಲಿಮೀಟರಿನ ವೃತ್ತ, ನಡುವಿನ ದೊಡ್ಡ ತೂತು, ಎಲ್ಲ ಅಳೆದು ತಂದದ್ದೇ. ಆದರೂ ಗ್ಯಾರೇಜಿನಲ್ಲಿ ತೊಡಿಸಿ ನೋಡುವಾಗ ಇದ್ದದ್ದು ಬೇರೆ.

ಮೊದಲಿಗೆ ಜಾಕು ಕಾರಿನಡಿ ನುಗ್ಗಲೇ ಇಲ್ಲ. ಕಾರು ಅಷ್ಟು ತಗ್ಗು. ಚಕ್ರದ ಕೆಳಗೆ ಹಲಗೆ ಇಟ್ಟು, ಹಲಗೆ ಮೇಲೆ ಕಾರು ಹತ್ತಿಸಿ, ಆಮೇಲೆ ಜಾಕು. ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ ಸ್ಟೆಪ್ನಿ ತೊಡಿಸಿ ಕೈಯಲ್ಲಿ ತಿರುಗಿಸಿದ. ಕರ್ರ್ ಅಂತ ನಿಂತಿತು. ಒಳಗೆ ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಇಕ್ಕಳ, ಅಷ್ಟು ದೊಡ್ಡದು. ಕೆಂಪು ಬಣ್ಣ ಬಳಿದು, ಎಲ್ಲರಿಗೂ ಕಾಣಲಿ ಅಂತ ಇಟ್ಟದ್ದು ಅದೇ. ಸ್ಟೆಪ್ನಿಯ ರಿಮ್ಮು ಅದರ ಬೆನ್ನಿಗೆ ಉಜ್ಜುತ್ತಿತ್ತು. ಹಿಂದಿನ ಬ್ರೇಕು ಚಿಕ್ಕದು, ಅಲ್ಲಿ ಸಲೀಸಾಗಿ ಕೂತಿತು.

"ಹಿಂದೆ ಪಂಚರ್ ಆದ್ರೆ ತೊಂದ್ರಿ ಇಲ್ಲ ಗೌಡ್ರೇ" ಅಂದ ಮೆಕ್ಯಾನಿಕ್. "ಮುಂದೆ ಆದ್ರೆ, ಹಿಂದಿನ ಗಾಲಿ ಬಿಚ್ಚಿ ಮುಂದಕ್ಕ ಹಾಕಿ, ಸ್ಟೆಪ್ನಿ ಹಿಂದಕ್ಕ ಹಾಕ್ರಿ."

ಇದು ಬುದ್ಧಿವಂತರ ಮಾತು. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಅಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಹಾಕಿದರೆ, ಗಾಡಿ ನೆಟ್ಟಗೆ ಹೋಗುತ್ತಿದ್ದರೂ ತಿರುವಿನಲ್ಲಿದ್ದೇನೆ ಅಂದುಕೊಂಡು ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಹಗಲೂ ರಾತ್ರಿ ದುಡಿದು ಬಿಸಿಯಾಗುತ್ತದೆ. ಹಾಗಾಗಿ ಹಿಂದಕ್ಕೇ ಸರಿ. ಆದರೆ ಈ ಬುದ್ಧಿವಂತಿಕೆಯನ್ನು ಐಮಂಗಲದ ಹತ್ತಿರ, ಕತ್ತಲಲ್ಲಿ, ಮೊಬೈಲ್ ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಹಲಗೆ ಸಮೇತ ಎರಡು ಸಲ ಮಾಡಬೇಕು. ಚಕ್ರದ ಲಾಕ್ ಬೋಲ್ಟಿನ ಕೀ ಎಲ್ಲಿದೆ ಅಂತ ನೆನಪಿದ್ದರೆ.

ಡಿಕ್ಕಿಯ ಕಥೆ ಇನ್ನೊಂದು. ಸ್ಪೀಕರ್ ಡಬ್ಬ ಹೊರಗೆ ಬಂತು. ಗುಳಿಯ ಆಳ ಸಾಲಲಿಲ್ಲ, ಸ್ಟೆಪ್ನಿ ಉಬ್ಬಿಕೊಂಡು ಮೇಲೆದ್ದಿತು. ಬಡಗಿಯನ್ನು ಕರೆಸಿ ಪ್ಲೈವುಡ್ಡಿನ ಅಟ್ಟ ಹಾಕಿಸಿದರು. ಜರ್ಮನಿಯಲ್ಲಿ ಡಿಸೈನಾದ ಕಾರಿಗೆ ದಾವಣಗೆರೆಯಲ್ಲಿ ಅಟ್ಟ. ಅದರ ಮೇಲೆ ಈಗ ಹಿಡಿಯುವುದು ಒಂದು ಕೈಚೀಲ, ಜಾಗ ಮಾಡಿಕೊಟ್ಟರೆ ಎರಡು ತೆಂಗಿನಕಾಯಿ. ಹಲಗೆ, ಜಾಕು, ಸ್ಪ್ಯಾನರ್ ಸೀಟಿನ ಕೆಳಗೆ. ಎಲ್ಲ ಸೇರಿ ತಗುಲಿದ ಖರ್ಚಿಗೆ ಆ ಪಂಚರ್ ಹುಡುಗನ ಟಿವಿಎಸ್ಸನ್ನೇ ಕೊಂಡುಬಿಡಬಹುದಿತ್ತು. ಹುಡುಗನನ್ನೂ ಸೇರಿಸಿ ಕೊಡುತ್ತಿದ್ದರೋ ಏನೋ.

ಆಮೇಲೆ ಒಮ್ಮೆ ನಿಜವಾಗಿಯೂ ಪಂಚರ್ ಆಯಿತು. ಹಿಂದಿನ ಚಕ್ರವೇ, ಪುಣ್ಯ. ಸ್ಟೆಪ್ನಿ ಏರಿಸಿದರು. ಬಿಚ್ಚಿದ ಚಕ್ರ ಎಲ್ಲಿಡಬೇಕು? 125 ಮಿಲಿಮೀಟರ್ ಮಲಗಿದ್ದ ಗುಳಿಯಲ್ಲಿ 245 ಮಲಗುವುದಿಲ್ಲ, ಅಟ್ಟ ಬೇರೆ ಅಡ್ಡ. ಹಿಂದಿನ ಸೀಟಿನಲ್ಲಿ ಗೌಡರ ಅತ್ತಿಗೆಯವರ ಪಕ್ಕ ಕೂರಿಸಿದರು. ಸೀಟಿನಲ್ಲಿ ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಎಂದು ಕಾರು ಟಿಂಗ್ ಟಿಂಗ್ ಅಂತ ಬಡಿದುಕೊಳ್ಳತೊಡಗಿತು. ಚಕ್ರಕ್ಕೆ ಬೆಲ್ಟ್ ಕಟ್ಟಿದ ಮೇಲೆ ಸುಮ್ಮನಾಯಿತು. ಹೊಸ ರೇಷ್ಮೆ ಸೀರೆಗೆ ಕೆಸರು ಹತ್ತಿತೆಂದು ಅತ್ತಿಗೆಯವರು ಮಾತ್ರ ಊರು ಬರುವವರೆಗೂ ಸುಮ್ಮನಾಗಲಿಲ್ಲ.

ಬೆಂಗಳೂರಿನಲ್ಲಿ ಇದೇ ಕಾರು ಇಟ್ಟುಕೊಂಡ ಗೆಳೆಯರಿಗೆ ಈ ಸುದ್ದಿ ಮುಟ್ಟಿ, ಅವರೆಲ್ಲ ನೊಂದುಕೊಂಡರಂತೆ. ಹಿಂದುಗಡೆ ಅಷ್ಟು ತೂಕ ಹಾಕಿದರೆ ಬ್ಯಾಲೆನ್ಸ್ ಹಾಳಾಗುತ್ತದೆ, ತಿರುವಿನಲ್ಲಿ 160ರ ವೇಗದಲ್ಲಿ ಗೊತ್ತಾಗುತ್ತದೆ ಅಂದರು. ನಾಲ್ಕು ಪಥದ ಹೈವೇಯಲ್ಲಿ ಕಾರಿಗೆ ಇರುವ ಮಿತಿ 100. ಚನ್ನಗಿರಿ ರಸ್ತೆಯಲ್ಲಿ ಎಮ್ಮೆಗಳೇ ಮಿತಿ ಗೊತ್ತು ಮಾಡುತ್ತವೆ. ಗೌಡರು ವಾದಕ್ಕೆ ಹೋಗಲಿಲ್ಲ. ಕಾರನ್ನೇ ಮಾರಲು ಹೊರಟರು.

ಹೋದ ವಾರ ಬೆಂಗಳೂರಿನಿಂದ ಒಬ್ಬ ಹುಡುಗ ನೋಡಲು ಬಂದ. ಪೇಂಟಿನ ದಪ್ಪ ಅಳೆಯುವ ಮೀಟರ್ ತಂದಿದ್ದ. ಬಾನೆಟ್ಟು, ಬಾಗಿಲು, ಟಾಪು ಎಲ್ಲ ಕಡೆ ಒತ್ತಿ ನೋಡಿದ. ಎಂಜಿನ್ ಸದ್ದು ಕೇಳಿ ಕಣ್ಣು ಮುಚ್ಚಿ ತಲೆದೂಗಿದ. ಸರ್ವಿಸ್ ಪುಸ್ತಕ ಓದಿದ. ಎಲ್ಲ ಸರಿ ಇತ್ತು. ಕೊನೆಗೆ ಡಿಕ್ಕಿ ಎತ್ತಿ, ಅಟ್ಟ ಸರಿಸಿದವನೇ ಎರಡು ಹೆಜ್ಜೆ ಹಿಂದೆ ಬಂದ.

"ಅಂಕಲ್, ಕಂಪನಿ ಗಾಡೀಲಿ ಇದು ಇರಲ್ವಲ್ಲಾ. ಏನಾದ್ರೂ ಆ್ಯಕ್ಸಿಡೆಂಟ್ ಆಗಿತ್ತಾ?"

ಎಷ್ಟು ಹೇಳಿದರೂ ನಂಬಲಿಲ್ಲ. ಎರಡು ಲಕ್ಷ ಕಮ್ಮಿಗೆ ಕೇಳಿ ಹೋಗಿದ್ದಾನೆ.